ಕೆಳಮಡುವಿನ ಅಳತೆ

ಸಿರಿಹೊಳೆಯ ದಡದ ಊರೂರಿಗೂ ಡಂಗುರ ಬಂತು. ಅರಸ ಚಿತ್ತದೇವ ಮೂರು ಒಗಟು ಕೇಳುತ್ತಾನೆ. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದನ್ನು ಕೊಡುತ್ತಾನೆ. ಒಂದರಲ್ಲಿ ತಪ್ಪಿದರೂ ಕೆಳಮಡುವಿನ ನೀರನ್ನು ಹೊಟ್ಟೆ ತುಂಬ ಕುಡಿದು ಸಾಯಬೇಕು.

ಕೆಳಮಡು ಇದ್ದದ್ದು ಬಟ್ಟೆಗೆ ಬಣ್ಣ ಹಾಕುವ ಅರಮನೆಯ ಬಣ್ಣದ ಮನೆಗಿಂತ ಕೆಳಗೆ, ಹೊಳೆ ಹರಿದು ಹೋಗುವ ಕಡೆ. ಅದರ ದಡದ ಬೆಸ್ತರ ಕೇರಿಗೆ ಕುಡಿಯಲು ಬೇರೆ ನೀರಿರಲಿಲ್ಲ. ಡಂಗುರದವನು ಸಾರಿ ಮುಗಿಸಿದಾಗ ಮುದುಕಿ ಸಣ್ಣಕ್ಕ ಕೇಳಿದಳು: “ಅಲ್ಲಪ್ಪ, ಹಾಗಾದರೆ ನಾವು ಯಾವ ಒಗಟು ತಪ್ಪಿದ್ದೆವು?” ಅವನು ಡಂಗುರ ಬಡಿಯುತ್ತ ಮುಂದಿನ ಊರಿಗೆ ಹೋದ.

ಆ ಕೇರಿಯ ಕರಿಬೊಮ್ಮ ದೂರದ ನೀರಿಗೆ ನಡೆದುಹೋಗಿ ಗಾಳ ಹಾಕಿ ಬದುಕುವವನು. ಹೋದ ಕಾರ್ತಿಕದಲ್ಲಿ ಅವನ ತಂಗಿ ದ್ಯಾವಿ, ಏಳು ವರ್ಷದವಳು, ಹೊಟ್ಟೆ ಹಿಡಿದುಕೊಂಡೇ ಸತ್ತಿದ್ದಳು. ಕೇರಿಯಲ್ಲಿ ಇನ್ನೂ ಹನ್ನೊಂದು ಮಕ್ಕಳಿದ್ದವು. ಅವನು ಹೆಗಲಿಗೆ ಪಂಚೆ ಹಾಕಿಕೊಂಡು ಅರಮನೆಗೆ ನಡೆದ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಅರಸ ಮೊದಲು ಬಂದ ನೆರೆನಾಡಿನ ರಾಜಕುಮಾರನನ್ನು ಕೇಳಿದ: “ನೋಡಲು ಸ್ವಚ್ಛವಾದಷ್ಟೂ ಒಳಗೆ ಸಾವು ಹೆಚ್ಚುವುದು, ಅದು ಯಾವುದು?” ಸಾಣೆ ಹಿಡಿದ ಕತ್ತಿ ಎಂದ ಆತ. ಕೆಳಮಡುವಿನ ನೀರಿನ ಚೊಂಬು ತಂದು ಕುಡಿಸಿದರು. ನೀರು ಕನ್ನಡಿಯ ಹಾಗಿತ್ತು. ಅದನ್ನು ಕಂಡ ಎರಡನೆಯವನು, ಒಬ್ಬ ಪಂಡಿತ, ತನ್ನ ಸರದಿಯಲ್ಲಿ “ಈ ನೀರೇ” ಎಂದು ಜಾಣತನದಿಂದ ಪಾರಾದ. ಅರಸ ಎರಡನೆಯದನ್ನು ಕೇಳಿದ: “ಇದ್ದಾಗ ಬಾಯಿ ಬಿಡದ, ಇಲ್ಲವಾದಾಗ ಎಲ್ಲವನ್ನೂ ಹೇಳುವ ಸಾಕ್ಷಿ ಯಾರು?” ಸತ್ತ ಗುರು ಎಂದ ಪಂಡಿತ. ಅವನೂ ಕುಡಿದ.

ಕರಿಬೊಮ್ಮ ಮುಂದೆ ಬಂದಾಗ ಆಸ್ಥಾನಿಕರು ಮೂಗಿಗೆ ವಸ್ತ್ರ ಹಿಡಿದರು. ಮೊದಲನೆಯದಕ್ಕೆ ಅವನೂ ಕೆಳಮಡುವಿನ ನೀರು ಎಂದ. ಏಕೆ ಎಂಬುದನ್ನೂ ಹೇಳಿದ. ಬಣ್ಣದ ಮನೆಯವರು ಬಟ್ಟೆಗೆ ಬಣ್ಣ ಹಿಡಿಸಲು ಬಳಸಿ ಚೆಲ್ಲುವ ಪಟಿಕ ಕೆಸರನ್ನು ಕೆಳಗಿಳಿಸುತ್ತದೆ, ಮೈಲುತುತ್ತ ಪಾಚಿಯನ್ನು ಕೊಲ್ಲುತ್ತದೆ. ಬದುಕಿದ್ದು ಏನೂ ಉಳಿಯದ್ದರಿಂದ ನೀರು ಅಷ್ಟು ಸ್ವಚ್ಛ. ಎರಡನೆಯದು ಹೊಳೆಗಲ್ಲಿನ ಅಡಿಯ ಹುಳ. ಗಾಳಕ್ಕೆ ಸಿಕ್ಕಿಸಲು ಅವನು ಅದನ್ನೇ ಹುಡುಕುವವನು. ಕಲ್ಲು ಮಗುಚಿದಾಗ ಹುಳ ಕಾಣದಿದ್ದರೆ ನೀರು ಕೆಟ್ಟಿತೆಂದೇ ಅರ್ಥ.

ಅರಸ ಮೂರನೆಯದನ್ನು ಕೇಳಿದ: “ಹನ್ನೆರಡು ವರ್ಷದಿಂದ ಹುಣ್ಣಿಮೆಗೊಮ್ಮೆ ತಪ್ಪದೆ ನಡೆಯುವ, ಎಂದೂ ಸುಳ್ಳಾಗದ, ಎಂದೂ ನಿಜ ಹೇಳದ ಅಳತೆ ಯಾವುದು?”

“ತಮ್ಮದೇ, ಮಹಾಸ್ವಾಮಿ. ತಮ್ಮ ಅಳತೆಕಾರರು ಹೊಳೆಯ ನೀರು ತುಂಬಿದ ಕೊಡಕ್ಕೆ ಮೀನು ಬಿಟ್ಟು, ಅದು ಎಷ್ಟು ಗಳಿಗೆ ಬದುಕುತ್ತದೆಂದು ಎಣಿಸುತ್ತಾರೆ. ದಿನವಿಡೀ ಬದುಕುತ್ತದೆ, ಅದು ನಿಜ. ಆದರೆ ಕೊಡ ಅದ್ದುವುದು ಅರಮನೆಯ ಮೆಟ್ಟಿಲಲ್ಲಿ, ಬಣ್ಣದ ಮನೆಗಿಂತ ಮೇಲೆ.”

ಅರಸ ಬಾಗಿ, ಅವನೊಬ್ಬನಿಗೇ ಕೇಳುವಂತೆ ಹೇಳಿದ: “ನನಗೆ ಗೊತ್ತಿತ್ತು. ಇನ್ಯಾರಿಗೆ ಗೊತ್ತಿದೆ ಎಂದು ತಿಳಿಯಬೇಕಿತ್ತು. ಬೇಡಿಕೋ.”

ದಾರಿಯುದ್ದಕ್ಕೂ ಕರಿಬೊಮ್ಮ ಒಂದನ್ನೇ ಯೋಚಿಸಿಕೊಂಡು ಬಂದಿದ್ದ. ನಿಜವಾದ ಎಣಿಕೆ ತಿಂಗಳು ತಿಂಗಳೂ ಸಭೆಯ ಕಿವಿಗೆ ಬಿದ್ದರೆ ಬಣ್ಣದ ಮನೆ ನಡೆಯುವುದುಂಟೇ? “ಇನ್ನು ಮುಂದೆ ಕೊಡವನ್ನು ಕೆಳಮಡುವಿನಲ್ಲಿ ಅದ್ದಬೇಕು. ಎಣಿಕೆಯನ್ನು ಇಲ್ಲಿ ಗಟ್ಟಿಯಾಗಿ ಓದಬೇಕು.”

ಅರಸ ಕೇಳಿದ: “ಅಷ್ಟೇನಾ?”

“ಅಷ್ಟೇ.”

ಅರಸ ಮಾತಿಗೆ ತಪ್ಪಲಿಲ್ಲ. ಕರಿಬೊಮ್ಮನನ್ನೇ ಹಿರಿಯ ಅಳತೆಕಾರನನ್ನಾಗಿ ಮಾಡಿ, ಬಣ್ಣದ ಮನೆಯಿಂದಲೇ ತರಿಸಿದ ಕೆಂಪು ಶಾಲು ಹೊದಿಸಿದ. ಮೊದಲ ಹುಣ್ಣಿಮೆಗೆ ಕೆಳಮಡುವಿನ ನೀರಿನಲ್ಲಿ ಮೀನು ಬದುಕಿದ್ದು ಅರ್ಧ ಗಳಿಗೆ. ಓದಿದರು, ಸಭೆ ಕೇಳಿತು, ಮಂತ್ರಿ ಅಳತೆಯ ನಿಖರತೆಯನ್ನು ಹೊಗಳಿದ. ಮರುದಿನವೂ ಬಣ್ಣದ ಮನೆಯ ಕಾಲುವೆ ಹೊಳೆಗೆ ಹರಿಯಿತು. ಮುಂದಿನ ಹುಣ್ಣಿಮೆಗೂ ಅರ್ಧ ಗಳಿಗೆ, ಅದರ ಮುಂದಿನದಕ್ಕೆ ಕಾಲು. ಕೇರಿಯ ಮಕ್ಕಳು ಎಂಟಾದವು, ಐದಾದವು. ಅದನ್ನು ಬರೆಯಲು ಕಡತದಲ್ಲಿ ಅಂಕಣವಿರಲಿಲ್ಲ.

ಅವನು ಅಲ್ಲಿ ಅಳೆಯುತ್ತಿದ್ದಾನೆ; ನಾವು ಇಲ್ಲಿ ಕುಡಿಯುತ್ತಿದ್ದೇವೆ.