ಮೈಗಳ್ಳ ಕಾರ್ಡು

“ಗುರುಗಳೇ, ದುಡಿಯುವವರು ಯಾರು, ಮೈಗಳ್ಳರು ಯಾರು ಎಂದು ತಿಳಿಯುವುದು ಹೇಗೆ?”

ಕೇಳಿದವನು ಆಶ್ರಮದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಹೇಳಿದ ಹೊತ್ತಿಗೆ ತಾನು ಬರುವವನು, ಬಾರದವರನ್ನು ಕ್ಷಮಿಸದವನು. ಮಕ್ಕಳ ಕಂಪ್ಯೂಟರ್ ಕೋಣೆಯೂ ಅವನ ವಶದಲ್ಲೇ ಇತ್ತು. ಅಲ್ಲಿ ಯಾವ ಯಂತ್ರ ಕೆಟ್ಟರೂ ಬಿಚ್ಚಿ ಸರಿಮಾಡುವವನು ಅವನೇ.

“ಯಾಕೆ, ಏನಾಯಿತು?” ಎಂದರು ಗುರುಗಳು.

“ಬೇಸಿಗೆ ರಜೆ ಬಂತು. ಊರಿಗೆ ಹೋಗದೆ ಉಳಿಯುವ ಮಕ್ಕಳು ಕೆಲವರು ಮಾತ್ರ. ಅಡುಗೆಗೆ ಇಬ್ಬರು ಬೇಕಿಲ್ಲ. ಬಾಳವ್ವನನ್ನು ಬಿಡಿಸೋಣ ಎಂದಿದ್ದೇನೆ. ನಾಳೆ ಬೆಳಿಗ್ಗೆ ಅವಳಿಗೆ ಹೇಳಬೇಕು.”

“ಬಾಳವ್ವ ಏನು ತಪ್ಪು ಮಾಡಿದಳು?”

“ತಪ್ಪು ಎಂದಲ್ಲ. ಮಧ್ಯಾಹ್ನದ ಅಡುಗೆ ಅವಳದು, ರಾತ್ರಿಯದು ಸಂಗಯ್ಯನದು. ಒಂದು ವಾರದಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದ್ದೇನೆ. ಸಂಗಯ್ಯ ಒಂದು ಗಳಿಗೆ ಕೂರುವುದಿಲ್ಲ. ಮೈಯೆಲ್ಲ ಬೆವರು. ಉಪ್ಪು ಹುಡುಕುತ್ತಾನೆ, ಸೌಟು ಹುಡುಕುತ್ತಾನೆ, ಕಟ್ಟೆಗೂ ಒಲೆಗೂ ಓಡಾಡುತ್ತಲೇ ಇರುತ್ತಾನೆ. ಬಾಳವ್ವ ಊಟದ ಗಂಟೆ ಹೊಡೆಯುವುದಕ್ಕೆ ಮೊದಲೇ ಹೊರಗಿನ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿರುತ್ತಾಳೆ. ಇದೇನಮ್ಮಾ ಎಂದು ಕೇಳಿದರೆ, ‘ಎಲ್ಲಾ ಆಗೇತ್ರಿ ಸರ, ಬರ್ರಿ, ನೀವೂ ಒಂಚೂರು ಕುಂದರ್ರಿ’ ಎನ್ನುತ್ತಾಳೆ.”

ಗುರುಗಳು ನಕ್ಕರು. “ನೀನು ಕೂತೆಯಾ?”

“ಇಲ್ಲ. ನಾನು ಕೆಲಸದ ಮೇಲಿದ್ದೆ.”

“ಇಲ್ಲಿಂದ ಬಿಟ್ಟರೆ ಅವಳಿಗೆ ಬೇರೆ ಆಸರೆ ಇದೆಯೇ?”

“ಇಲ್ಲವೆಂದು ಕಾಣುತ್ತದೆ. ಆದರೆ ಆಸರೆಯನ್ನು ನೋಡಿ ತೀರ್ಮಾನ ಮಾಡಿದರೆ ಅದು ದಯೆಯಾಗುತ್ತದೆ, ನ್ಯಾಯವಾಗುವುದಿಲ್ಲ.”

“ಸರಿಯಾದ ಮಾತು. ದಯೆ ಆಚೆಗಿರಲಿ, ನ್ಯಾಯವನ್ನೇ ನೋಡೋಣ,” ಎಂದರು ಗುರುಗಳು. “ನಿನಗೆ ತಿಳಿದ ವಸ್ತುವಿನಿಂದಲೇ ಒಂದು ಕತೆ ಹೇಳುತ್ತೇನೆ. ಕೂತುಕೋ.”

ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಆಟಗಾರನಿದ್ದ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಅವನದು. ಅವನ ಅಕ್ಕನೂ ಅದೇ ಆಟ ಆಡುತ್ತಿದ್ದಳು. ಮನೆ ಒಂದೇ, ಕೋಣೆ ಬೇರೆ, ಕಂಪ್ಯೂಟರೂ ಬೇರೆ. ಊರಿನ ಪಂದ್ಯಗಳಲ್ಲಿ ತಮ್ಮನೇ ಮುಂದೆ ಬರುತ್ತಿದ್ದ, ಅಕ್ಕ ಅವನ ಹಿಂದೆ ಬರುತ್ತಿದ್ದಳು.

ಆಟಗಾರ ಹೊಸ ಗ್ರಾಫಿಕ್ಸ್ ಕಾರ್ಡು ತಂದ. ಪರದೆಯ ಮೇಲೆ ಚಿತ್ರ ಬರೆಯುವುದು ಆ ಕಾರ್ಡಿನ ಕೆಲಸ. ಅಂಗಡಿಯಲ್ಲಿದ್ದ ಕಾರ್ಡುಗಳಲ್ಲೆಲ್ಲ ಅದೇ ದೊಡ್ಡದು. ತನ್ನ ಹಳೆಯ ಕಾರ್ಡನ್ನು ಅವನು ಅಕ್ಕನಿಗೆ ಕೊಟ್ಟ. ಹೊಸದನ್ನು ಹಾಕಿದ ಮೇಲೆ ಆಟ ಎಣ್ಣೆ ಸುರಿದ ಹಾಗೆ ಸಾಗಿತು. ತಿರುವಿನಲ್ಲಿ ತಡವರಿಕೆ ಇಲ್ಲ. ಫ್ಯಾನಿನ ಸದ್ದೂ ಇಲ್ಲ. ಆಟಗಾರ ಸುಖವಾಗಿದ್ದ.

ಒಂದು ದಿನ ಗೆಳೆಯನೊಬ್ಬ ಬಂದು, “ಕ್ಲಾಕ್ ಸ್ಪೀಡ್ ಎಷ್ಟು ಬರುತ್ತದೆ?” ಎಂದು ಕೇಳಿದ. ಕಾರ್ಡು ಎಷ್ಟು ವೇಗದಲ್ಲಿ ದುಡಿಯುತ್ತಿದೆ ಎಂದು ತೋರಿಸುವ ಅಂಕಿ ಅದು. ಆಟಗಾರನಿಗೆ ಗೊತ್ತಿರಲಿಲ್ಲ. ಗೆಳೆಯ ಆ ಅಂಕಿಯನ್ನು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿಕೊಟ್ಟು ಹೋದ. ಡಬ್ಬಿಯ ಮೇಲೆ ಬರೆದಿದ್ದ ವೇಗದ ಅರ್ಧವೂ ಅಲ್ಲಿ ಕಾಣಲಿಲ್ಲ. ಆಟಗಾರನ ಸುಖ ಅಂದಿಗೆ ಮುಗಿಯಿತು.

“ಕಾರ್ಡನ್ನು ನಡೆಸುವ ಸಾಫ್ಟ್‌ವೇರು, ಡ್ರೈವರ್, ಹಳೆಯದಿರಬೇಕು,” ಎಂದ ಶಿಷ್ಯ. ಯಂತ್ರದ ಮಾತು ಬಂದರೆ ಅವನಿಗೆ ಸುಮ್ಮನಿರಲಾಗುತ್ತಿರಲಿಲ್ಲ.

“ಹೊಸದು ಹಾಕಿದ.”

“ಹಾಗಿದ್ದರೆ ಬಿಸಿ. ಬಿಸಿ ಏರಿದರೆ ಕಾರ್ಡು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.”

“ತಣ್ಣಗೆ ಇತ್ತು. ಆದರೂ ಬಿಚ್ಚಿದ, ಧೂಳು ಊದಿದ, ಇನ್ನೊಂದು ಫ್ಯಾನು ಕೂರಿಸಿದ.”

“ಕರೆಂಟು ಸಾಲದೆ ಹೋಗಿರಬಹುದು.”

“ಪವರ್ ಸಪ್ಲೈಯನ್ನೂ ಬದಲಿಸಿದ. ಅಂಕಿ ಇದ್ದಲ್ಲೇ ಇತ್ತು.”

“ಆಟ?”

“ಆಟ ಮೊದಲಿನ ಹಾಗೇ ಚೆನ್ನಾಗಿತ್ತು. ಆದರೆ ಆಡಲು ಅವನಿಗೆ ಪುರಸೊತ್ತಿರಲಿಲ್ಲ,” ಎಂದರು ಗುರುಗಳು. “ಇನ್ನು ಬಾಯಿ ಹಾಕಬೇಡ. ಕತೆ ಮುಗಿಯಲಿ.”

ಆಟಗಾರ ಅಕ್ಕನ ಕೋಣೆಗೆ ಹೋದ. ಅವಳು ಆಡುತ್ತಿದ್ದಳು. ಅವಳ ಕಂಪ್ಯೂಟರು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ತಿರುವು ಬಂದಾಗಲೆಲ್ಲ ಚಿತ್ರ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಆಟಗಾರ ಅದನ್ನು ಗಮನಿಸಲಿಲ್ಲ. “ಸ್ವಲ್ಪ ಸರಿ ಅಕ್ಕಾ,” ಎಂದು ಅವಳ ಪರದೆಯ ಮೂಲೆಯಲ್ಲೂ ಆ ಅಂಕಿಯನ್ನು ತಂದಿಟ್ಟ. ಹಳೆಯ ಕಾರ್ಡು ತನ್ನ ಪೂರ್ತಿ ವೇಗದಲ್ಲಿ ದುಡಿಯುತ್ತಿತ್ತು.

“ನೋಡಿದೆಯಾ? ಇದು ನಿಯತ್ತಿನ ಕಾರ್ಡು. ಮೈಮುರಿದು ದುಡಿಯುತ್ತದೆ. ನನ್ನದು ಮೈಗಳ್ಳ. ಬಂದು ಇನ್ನೂ ತಿಂಗಳಾಗಿಲ್ಲ, ಆಗಲೇ ಅದಕ್ಕೆ ಸಾಕಾಗಿ ಹೋಗಿದೆ.”

“ಸಾಕಾಗಿರುವುದು ನಿಜ,” ಎಂದಳು ಅಕ್ಕ. “ನಿನ್ನ ಪರದೆ ಎಷ್ಟು ಚಿತ್ರ ತೋರಿಸಬಲ್ಲುದೋ ಅಷ್ಟನ್ನೂ ಅದು ಬರೆದುಕೊಡುತ್ತಿದೆ. ಅದಕ್ಕಿಂತ ಹೆಚ್ಚು ಬರೆದರೆ ಇಡುವುದೆಲ್ಲಿ? ಬೇಕಾದಷ್ಟು ಆಯಿತು, ಸುಮ್ಮನಿದೆ. ನನ್ನದು ಎಷ್ಟು ಓಡಿದರೂ ಸಾಲದು. ಅದಕ್ಕೇ ಓಡುತ್ತಿದೆ.”

“ಅರ್ಧ ವೇಗದಲ್ಲೇ ಮುಗಿಯುವ ಕೆಲಸಕ್ಕೆ ಅಷ್ಟು ದೊಡ್ಡ ಕಾರ್ಡು ಯಾಕೆ ಬೇಕಿತ್ತು ಹಾಗಾದರೆ?”

“ಏದುಸಿರು ಬಿಡದೆ ಮುಗಿಸಲಿ ಅಂತ.”

ಆ ಮಾತು ಆಟಗಾರನಿಗೆ ಹಿಡಿಸಲಿಲ್ಲ.

“ನಾನು ಕೊಟ್ಟ ಹಳೆಯ ಕಾರ್ಡು ಇಟ್ಟುಕೊಂಡು ನನಗೇ ಬುದ್ಧಿ ಹೇಳುತ್ತೀಯಾ? ನಡೆ, ಬದಲಾಯಿಸಿಕೊಳ್ಳೋಣ. ನನ್ನದು ನಿನಗೆ, ನಿನ್ನದು ನನಗೆ.”

“ಬೇಡವೋ ತಮ್ಮಾ. ಭಾನುವಾರ ಪಂದ್ಯ ಇದೆ. ಸೋತ ಮೇಲೆ ಅಕ್ಕ ಮೋಸ ಮಾಡಿದಳು ಎಂದು ಮನೆಯೆಲ್ಲ ಕೂಗಾಡುತ್ತೀಯ.”

“ಕೂಗಾಡುವುದಿಲ್ಲ.”

“ಅದನ್ನೇ ಅಮ್ಮನ ಮುಂದೆ ಬಂದು ಹೇಳು.”

ಆಟಗಾರ ಅಮ್ಮನ ಮುಂದೆ ಹೋಗಿ ಹೇಳಿದ. ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. “ಏನಾದರೂ ಮಾಡಿಕೊಳ್ಳಿ, ಮನೆಗೆ ಬೆಂಕಿ ಹಚ್ಚಬೇಡಿ,” ಎಂದಳು. ಕಾರ್ಡುಗಳು ಕೋಣೆ ಬದಲಿಸಿದವು.

ಆಟಗಾರ ತನ್ನ ಕಂಪ್ಯೂಟರನ್ನು ಹಚ್ಚಿದ. ಗಿರಣಿ ಈಗ ಅವನ ಕೋಣೆಯಲ್ಲಿ ಕೂಗತೊಡಗಿತು. ಮೂಲೆಯ ಅಂಕಿ ಪೂರ್ತಿ ಮೇಲೇರಿ ನಿಂತಿತು. ಅವನು ಕೈಕಟ್ಟಿಕೊಂಡು ಅದನ್ನೇ ನೋಡುತ್ತ ಕೂತ. ಬಹಳ ದಿನದ ಮೇಲೆ ಅವನಿಗೆ ಒಳ್ಳೆಯ ನಿದ್ದೆ ಬಂತು.

ಭಾನುವಾರ ಪಂದ್ಯ ನಡೆಯಿತು. ಅಕ್ಕನೂ ತಮ್ಮನೂ ತಂತಮ್ಮ ಕೋಣೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮಾತಾಡುತ್ತಲೇ ಆಡಿದರು. ಆರಂಭದಲ್ಲಿ ತಮ್ಮನೇ ಮುಂದಿದ್ದ. ಓಡಿಸುವುದರಲ್ಲಿ ಅವನ ಕೈ ಅಷ್ಟು ಪಳಗಿತ್ತು. ಕೆರೆಯ ಪಕ್ಕದ ದೊಡ್ಡ ತಿರುವು ಬಂತು. ಅಲ್ಲಿ ನೀರು, ನೆರಳು, ಮರ, ಹಿಂದೆ ಬರುವ ಕಾರುಗಳು, ಎಲ್ಲವನ್ನೂ ಒಟ್ಟಿಗೆ ಬರೆಯಬೇಕು. ಹಳೆಯ ಕಾರ್ಡು ತನಗೆ ಆಗುವಷ್ಟನ್ನೂ ಮಾಡಿತು. ಆದರೂ ಚಿತ್ರ ನಿಂತಿತು. ಮತ್ತೆ ಹೊರಡುವಷ್ಟರಲ್ಲಿ ಅವನ ಕಾರು ಗೋಡೆಯಲ್ಲಿತ್ತು.

ಅಕ್ಕ ಅದೇ ತಿರುವನ್ನು ನೀಟಾಗಿ ದಾಟಿ ಹೋದಳು. ಅವಳ ಕೋಣೆಯಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು.

“ತಮ್ಮಾ, ಎಲ್ಲಿದ್ದೀಯೋ? ಹಿಂದೆ ಕಾಣುತ್ತಲೇ ಇಲ್ಲವಲ್ಲ.”

“ಗೋಡೆಗೆ ಗುದ್ದಿದ್ದೇನೆ. ಆದರೆ ಅಕ್ಕಾ, ಈ ಕಾರ್ಡನ್ನು ನೋಡಬೇಕು ನೀನು! ಗುದ್ದಿದಾಗಲೂ ಅಂಕಿ ಒಂದಿಷ್ಟೂ ಇಳಿಯಲಿಲ್ಲ!”

“ಗೋಡೆಯಾದರೂ ನೆಟ್ಟಗಿದೆಯೇನೋ?”

ಅಕ್ಕ ಪಂದ್ಯ ಗೆದ್ದಳು. ಎದ್ದು ಬಂದು ತಮ್ಮನ ಬಾಗಿಲಲ್ಲಿ ನಿಂತು, “ನಿನ್ನ ಮೈಗಳ್ಳನನ್ನು ವಾಪಸ್ ತೆಗೆದುಕೋ ಮಾರಾಯ, ನನಗೆ ಪಾಪ ಸುತ್ತಿಕೊಳ್ಳುವುದು ಬೇಡ,” ಎಂದಳು.

ಆಟಗಾರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಬೇಡಕ್ಕಾ. ನಿನಗೇ ಇರಲಿ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.”

ಅಕ್ಕ ಎರಡನೆಯ ಸಲ ಕೇಳಲಿಲ್ಲ.

ಕತೆ ಮುಗಿಯಿತು. ಶಿಷ್ಯ ಗಟ್ಟಿಯಾಗಿ ನಕ್ಕ. ಅವನು ಹಾಗೆ ನಗುವುದು ಅಪರೂಪ. ಗುರುಗಳೂ ಅವನ ಜೊತೆ ನಕ್ಕರು.

“ಎಂಥ ದಡ್ಡ, ಗುರುಗಳೇ! ಸೋತು ಗೋಡೆಗೆ ಬಿದ್ದಾಗಲೂ ಅವನಿಗೆ ಬುದ್ಧಿ ಬರಲಿಲ್ಲ.”

“ದಡ್ಡ ಎನ್ನುತ್ತೀಯಾ? ಅವನು ಮಾಡಿದ ಪರೀಕ್ಷೆಗಳನ್ನೆಲ್ಲ ನೀನೂ ಮಾಡುತ್ತಿದ್ದೆಯಲ್ಲ. ಡ್ರೈವರು, ಬಿಸಿ, ಕರೆಂಟು.”

“ಆ ಪರೀಕ್ಷೆಗಳು ಸರಿಯೇ. ಆದರೆ ಅವು ಆಮೇಲಿನ ಮಾತು. ಕಾರ್ಡು ತಂದದ್ದು ಯಾತಕ್ಕೆ? ಆಟಕ್ಕೆ. ಹಾಗಿದ್ದ ಮೇಲೆ ಮೊದಲು ಆಟ ಹೇಗಿದೆ ಎಂದು ನೋಡಬೇಕು. ಆಟ ಚೆನ್ನಾಗಿದ್ದರೆ ಅಂಕಿ ಎಷ್ಟಿದ್ದರೇನು? ಕಣ್ಣೆದುರಿಗೆ ಇದ್ದ ರಸ್ತೆಯನ್ನು ಬಿಟ್ಟು ಅವನು ಮೂಲೆಯನ್ನು ನೋಡುತ್ತ ಕೂತ. ಅಂಥವನ ಕೈಗೆ ಕೀಲಿಮಣೆ ಕೊಡುವುದೇ ತಪ್ಪು.”

“ಇದು ನಿನ್ನ ಕೊನೆಯ ತೀರ್ಪೇ?”

“ಕೊನೆಯ ತೀರ್ಪು,” ಎಂದ ಶಿಷ್ಯ. “ಇದರಲ್ಲಿ ಎರಡು ಮಾತಿಲ್ಲ.”

ಗುರುಗಳು ತಲೆದೂಗಿದರು. ಆಮೇಲೆ ಮೆಲ್ಲಗೆ ಕೇಳಿದರು.

“ಈ ವಾರವೆಲ್ಲ ಬಾಳವ್ವನ ಕೈಯ ಅಡುಗೆ ಉಂಡೆಯಲ್ಲಪ್ಪಾ, ಹೇಗಿತ್ತು?”

ಶಿಷ್ಯನಿಗೆ ನೆನಪಾದದ್ದು ಅವಳು ಕೂತಿದ್ದ ಕಟ್ಟೆ. ರುಚಿ ನೆನಪಿಗೆ ಬರಲಿಲ್ಲ.