ಕೌದಿಯ ನಡುವೆ ತುಂಗಿ

ಕಾಲು ಕೌದಿ ಒಳಗೆ ಎಳ್ಕೋ ಮಗಾ. ನೀನು ಹೂಂ ಹೂಂ ಅಂತ ಇರ್ಬೇಕು, ಇಲ್ಲಾಂದ್ರೆ ನಾನು ಹೇಳೋದಿಲ್ಲ ನೋಡು.

ಒಂದಾನೊಂದು ಕಾಲದಲ್ಲಿ, ಸೂಜಿಗೆ ಕಣ್ಣು ಬಂದು ಇನ್ನೂ ನಾಲ್ಕೇ ದಿನ ಆಗಿದ್ದ ಕಾಲದಲ್ಲಿ, ಕಾಡಿನ ಅಂಚಿಗೆ ನಮ್ಮಂಥೋರದ್ದೇ ಒಂದು ಸಿದ್ದಿ ಕೇರಿ ಇತ್ತಂತೆ. ಅಲ್ಲಿ ತುಂಗಿ ಅಂತ ಒಬ್ಬಳು ಹುಡುಗಿ. ಕಪ್ಪಗೆ ಮಿರಮಿರ ಮಿಂಚೋಳು, ಬಾಚಣಿಗೆ ಹಲ್ಲು ಮುರಿಯೋ ಅಂಥಾ ಗುಂಗುರು ಕೂದಲು. ಏನು, ನಿನ್ನಷ್ಟು ಕಪ್ಪಾ? ಹೂಂ, ನಿನ್ನಷ್ಟೇ ಕಪ್ಪು, ನಿನ್ನಷ್ಟೇ ಚಂದ. ಅವಳಿಗೆ ಇದ್ದದ್ದು ಒಂದೇ ಆಸೆ, ಅಕ್ಷರ ಕಲೀಬೇಕು ಅಂತ.

ಆ ಊರಿನ ರಾಜ ಹೊಸದಾಗಿ ಶಾಲೆ ಕಟ್ಟಿಸಿದ್ನಂತೆ. ಶಾಲೆ ಗೋಡೆ ಮೇಲೆ ಮಕ್ಕಳ ಚಿತ್ರ ಬರೆಸ್ತೀನಿ, ಯಾರ ಮುಖ ಗೋಡೆ ಮೇಲಿದೆಯೋ ಅವರಿಗೇ ಒಳಗೆ ಜಾಗ ಅಂದ್ನಂತೆ. ಮೇಷ್ಟ್ರು ಗೋಡೆ ನೋಡ್ಕೊಂಡೇ ಹಾಜರಿ ಕೂಗ್ತಿದ್ರಂತೆ. ದೊಡ್ಡೋರ ಬುದ್ಧಿ ಕೆಲವು ಸಲ ಹಂಗೇ, ಏನ್ ಮಾಡ್ತೀಯಾ.

ಆಮೇಲೆ ತುಂಗಿ ಚಿತ್ರಗಾರನ ಹತ್ರ ಹೋದಳಂತೆ. ನಿನ್ನ ಬಣ್ಣ ನನ್ನ ಡಬ್ಬಿಯಲ್ಲಿಲ್ಲ ಹೋಗು ಅಂದ್ನಂತೆ. ಎರಡನೇ ದಿನ ಒಲೆ ಮಸಿ ಒಂದು ಚಿಪ್ಪು ತುಂಬಾ ಒಯ್ದು ಕೊಟ್ಟಳಂತೆ, ಅವನು ಮರದ ಬುಡದಲ್ಲಿ ಪಚಕ್ ಅಂತ ಮೆತ್ತಿಟ್ಟ, ನೋಡಿದೋರೆಲ್ಲ ಮರದ ನೆರಳು ಅಂದ್ಕೊಂಡ್ರಂತೆ. ಮೂರನೇ ದಿನ ಇವಳ ಕಾಟ ತಡೀಲಾರದೆ ಬರೀ ಸುಣ್ಣ ಕಲಸಿ ಬೆಳ್ಳಗೆ ಒಂದು ಹುಡುಗಿ ಬರೆದು, ಅಡಿಗೆ ಇವಳ ಹೆಸರು ಗೀಚಿ, ತಗೋ, ಇದೇ ನೀನು ಅಂದ್ನಂತೆ. ಮೇಷ್ಟ್ರು ಗೋಡೆ ನೋಡಿ ತುಂಗಿ ಅಂತ ಕೂಗಿದ್ರು, ಇವಳು ಎದ್ದು ನಿಂತಳು, ಅವರು ಗೋಡೆ ನೋಡಿದ್ರು, ಇವಳನ್ನ ನೋಡಿದ್ರು, ನೀನಲ್ಲ ನಡಿ ಅಂತ ಹೊರಗೆ ಕಳಿಸಿಬಿಟ್ರಂತೆ. ಅವತ್ತು ಮಾತ್ರ ಆ ಮಗು ಬಿಕ್ಕಿ ಬಿಕ್ಕಿ ಅತ್ತಿತಂತೆ. ನೆನೆಸ್ಕೊಂಡ್ರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಕಣ್ಣೊರೆಸ್ಕೊಂಡು, ಅವನೇನು ನನ್ನನ್ನ ಬರೆಯೋದು, ನಾನೇ ಕೌದಿ ಮೇಲೆ ಹೊಲೀತೀನಿ ಅಂತ ಅವ್ವನ ಸೂಜಿ, ಹಳೇ ಬಟ್ಟೆ ಚೂರು ತಗೊಂಡಳಂತೆ. ಸಿಟ್ಟಲ್ಲಿ ನಡುಮಧ್ಯ ಮೊರದಗಲ ತನ್ನ ಮುಖವನ್ನೇ ಮೊದಲು ಹಚ್ಚಿದಳಂತೆ. ಬಟ್ಟೆ ಆ ಕಡೆ ಜಗ್ತು, ಈ ಕಡೆ ಸುಕ್ಕಾಯ್ತು, ಕೌದಿ ಸೊಟ್ಟಂಬಟ್ಟ. ಅವ್ವ ನೋಡಿ ಬೈದಳಂತೆ. ಅಲ್ಲೇ ಹುಚ್ಚಿ, ನಡುವಿಂದ ಕೌದಿ ಹೊಲಿದೋರನ್ನ ಎಲ್ಲಾದ್ರೂ ಕಂಡಿದ್ದೀಯಾ? ಮೂಲೆ ಹಿಡಿ, ಅಂಚಿಗುಂಟ ಸುತ್ತು ಹೊಡಿ, ಒಳಗೊಳಗೆ ಬಾ. ನಮ್ಮೋರು ಹೊಲಿಯೋದು ಹಂಗೆ.

ತುಂಗಿ ಎಲ್ಲಾ ಬಿಚ್ಚಿ ಮತ್ತೆ ಮೂಲೆಯಿಂದ ಹಿಡಿದಳಂತೆ. ಅಂಚಿಗೆ ಯಾರನ್ನ ಹಾಕ್ಲಿ ಅಂತ ಕೂತಿರೋವಾಗ ಕೇರಿ ಮಕ್ಕಳೆಲ್ಲ ಬಂದು ನನ್ನ ಹಾಕು, ನನ್ನ ಹಾಕು ಅಂತ ಮುತ್ತಿಕೊಂಡ್ರಂತೆ. ಅವರ್‍ಯಾರೂ ಗೋಡೆ ಮೇಲೆ ಇರಲಿಲ್ಲ ನೋಡು. ಒಬ್ಬ ಅಪ್ಪನ ಹರಿದ ಲುಂಗಿ ತಂದ, ಒಬ್ಬಳು ಅಕ್ಕನ ಲಂಗದ ಚೂರು, ಇನ್ನೊಬ್ಬ ಕಂಬಳಿಯ ನೂಲು. ಕೂದಲಿಗೆ ಕಂಬಳಿ ನೂಲು ಸುರುಳಿ ಮಾಡಿದಳು, ಕಣ್ಣಿಗೆ ಚಿಪ್ಪಿನ ಗುಂಡಿ, ಮೂಗಿಗೆ ಹುಣಸೆಬೀಜ, ಕಿವಿಗೆ ತಗಡಿನ ಓಲೆ. ಮೈಗೆ ಒಂದೇ ಕಪ್ಪಲ್ಲ ಮಗಾ! ಬೆಲ್ಲದ ಕಪ್ಪು ಬೇರೆ, ನೇರಳೆಹಣ್ಣಿನ ಕಪ್ಪು ಬೇರೆ, ಉತ್ತ ಹೊಲದ್ದೇ ಬೇರೆ. ಒಬ್ಬೊಬ್ಬರಿಗೂ ಅವರವರದ್ದೇ ಹುಡುಕಿ ಹಚ್ಚಿದಳಂತೆ. ಎಂಥಾ ಕಣ್ಣು ಅವಳದ್ದು, ಎಂಥಾ ಕೈ!

ಸುತ್ತಿ ಸುತ್ತಿ ನಡುವಿಗೆ ಬಂದಾಗ ಇಪ್ಪತ್ತು ಮಕ್ಕಳಾಗಿ ಒಂದು ಗೇಣು ಜಾಗ ಉಳಿದಿತ್ತಂತೆ, ಬಟ್ಟೆ ಮಾತ್ರ ಮುಗಿದೇ ಹೋಗಿತ್ತಂತೆ. ಆಗ ಅವ್ವ ತನ್ನ ಸೆರಗಿನ ಚೂರು ಹರಿದು ಕೊಟ್ಟಳಂತೆ. ಅದರಲ್ಲಿ ತುಂಗಿ ತನ್ನ ಮುಖ ಮಾಡಿದಳು. ಕೌದಿ ಹೊಟ್ಟೆ ಹಸಿದಿರಬಾರದು ಅಂತ ಅವ್ವ ಅದರಡಿಗೆ ನಾಲ್ಕು ಕಾಳು ಅಕ್ಕಿ ಇಟ್ಟಳು, ಮೂಲೆಗೆ ಹೂವಿಲ್ಲದ ಕೌದಿ ಬತ್ತಲೆ ಅಂತ ನಾಲ್ಕು ಮೂಲೆಗೂ ಬಟ್ಟೆ ಹೂವು ಹಚ್ಚಿದಳು.

ಆಮೇಲೆ ಅದನ್ನ ಹೊತ್ಕೊಂಡು, ಕೇರಿ ಮಕ್ಕಳನ್ನೂ ಕಟ್ಕೊಂಡು ತುಂಗಿ ರಾಜನ ಹತ್ರ ಹೋದಳಂತೆ. ಕಾವಲಿನೋರು ಇವಳೊಬ್ಬಳನ್ನೇ ಒಳಗೆ ಬಿಟ್ರಂತೆ. ಚಿತ್ರಗಾರ, ಚಿಂದಿ ಬಟ್ಟೆ ಇದು ಮಹಾಸ್ವಾಮಿ ಅಂತ ಕಿಸಕ್ಕನೆ ನಕ್ಕನಂತೆ. ರಾಜ, ಇರಲಿ, ಹೇಳಿಕೊಡದೆ ಯಾರಾದ್ರೂ ಈ ಮುಖಗಳ ಗುರುತು ಹಿಡಿದ್ರೆ ಜಾಗ, ಇಲ್ಲದಿದ್ರೆ ಇಲ್ಲ ಅಂದ್ನಂತೆ. ಮಂತ್ರಿ ಬಗ್ಗಿ ನೋಡಿದ, ಗೊತ್ತಾಗಲಿಲ್ಲ. ಸೇನಾಪತಿ ನೋಡಿದ, ಅವನಿಗೂ ಇಲ್ಲ. ಮೂರನೇದಾಗಿ ಶಾಲೆ ಮಕ್ಕಳನ್ನ ಕರೆಸಿದ್ರಂತೆ. ದಿನಾ ಸಂಜೆ ಹಳ್ಳದಲ್ಲಿ ಕೇರಿ ಮಕ್ಕಳ ಜೊತೆ ಈಜು ಬೀಳೋವು ಅವು! ಒಳಗೆ ಕಾಲಿಟ್ಟಿದ್ದೇ ತಡ, ಅಯ್ಯೋ ಬಸ್ಯಾ ಇಲ್ಲಿದ್ದಾನೆ, ಇದು ಗಿರಿಜಿ, ಇವನು ಲಾರೆನ್ಸ, ನಡುವಿರೋದು ನಮ್ಮ ತುಂಗಿ ಅಂತ ಕೂಗಾಡಿಬಿಟ್ಟವಂತೆ.

ರಾಜನಿಗೆ ಆಶ್ಚರ್ಯ. ಇಷ್ಟು ಮಕ್ಕಳು ಎಲ್ಲಿದ್ರು, ಆ ಕಡೆ ಬರೀ ಕಾಡು ಅಂದಿದ್ರಲ್ಲ ನನಗೆ ಅಂದ್ನಂತೆ. ಬಾಗಿಲ ಹೊರಗೇ ನಿಂತಿದ್ದಾರೆ ಸ್ವಾಮಿ, ಯಾರೂ ನೋಡಲಿಲ್ಲ ಅಷ್ಟೇ ಅಂದಳಂತೆ ತುಂಗಿ. ರಾಜ ನಾಚಿ ತಲೆ ತಗ್ಗಿಸಿ, ತಾನೇ ಇಳಿದು ಹೋಗಿ ಬಾಗಿಲು ತೆಗೆದ್ನಂತೆ.

ಮಾರನೇ ದಿನ ಗೋಡೆ ಪಕ್ಕ ಕೌದಿ ತೂಗುಹಾಕಿ, ಮೇಷ್ಟ್ರು ಮೂಲೆಯಿಂದ ಹಾಜರಿ ಶುರು ಮಾಡಿದ್ರಂತೆ. ಬಸ್ಯಾ ಬಂದ, ಗಿರಿಜಿ ಬಂದಳು, ಇಪ್ಪತ್ತು ಹೆಸರೂ ಆಯ್ತು. ಮೇಷ್ಟ್ರು ಕೌದಿ ನೋಡಿದ್ರು, ಇವಳನ್ನ ನೋಡಿದ್ರು, ತುಂಗಿ ಅಂದ್ರು. ಹಾಜರ್! ಅಂತ ಅವಳು ಕೂಗಿದ ಕೂಗಿಗೆ ಗೋಡೆ ಸುಣ್ಣ ಉದುರಿತಂತೆ. ನಾಳಿದ್ದು ಶಾಲೆಯಲ್ಲಿ ನಿನ್ನ ಹೆಸರು ಕೂಗಿದಾಗ ನೀನೂ ಹಂಗೇ ಕೂಗ್ಬೇಕು, ತಿಳೀತಾ?

ದಾರ ಕಡೀತು, ಕತೆ ಮುಗೀತು. ಮಲಗು ನನ್ನ ಕಪ್ಪು ಬಂಗಾರ.