ಹೆಗ್ಗಣದ ಒಪ್ಪೊತ್ತು

ಕಬ್ಬಿನ ಗದ್ದೆಯ ಬದುವಿನಲ್ಲಿ ಒಂದು ಹೆಗ್ಗಣವಿತ್ತು. ಮೈ ಬೆಳೆದು ಬೆಳೆದು, ಬಿಲದೊಳಗೆ ಮಗ್ಗುಲು ಬದಲಿಸುವುದೂ ಅದಕ್ಕೆ ಕಷ್ಟವಾಯಿತು. ಪಕ್ಕದ ಪೊದೆಯಲ್ಲಿ ಹೆಬ್ಬಾವೊಂದು ಆಗಷ್ಟೇ ಉಂಡು ಮಲಗಿತ್ತು. ಹೊಟ್ಟೆ ತುಂಬಿದ ಹಾವು ನುಂಗಲಾರದೆಂಬ ಧೈರ್ಯದಿಂದ ಹೆಗ್ಗಣ ಕೇಳಿತು: "ಹೆಬ್ಬಾವಣ್ಣ, ತಿಂಗಳಿಗೊಮ್ಮೆ ಉಂಡು ಹೇಗೆ ಇರುತ್ತೀ?"

"ಉಣ್ಣುತ್ತೇನೆ, ಮಲಗುತ್ತೇನೆ. ಅಷ್ಟೇ."

ಹೆಗ್ಗಣ ಅಂದಿನಿಂದಲೇ ಒಪ್ಪೊತ್ತು ಹಿಡಿಯಿತು. ಸಂಜೆಗೊಂದೇ ಊಟ. ಆದರೆ ಬೆಳಗಿನಿಂದ ಅದಕ್ಕೆ ಆ ಊಟದ್ದೇ ಧ್ಯಾನ: ಯಾವ ಕಬ್ಬು ಸಿಹಿ, ಎಲ್ಲಿ ಕಡಲೆಕಾಯಿ ಬಲಿತಿದೆ. ಸಂಜೆ ತಿನ್ನಲು ಕೂತರೆ ನಾಳೆಯ ಹಸಿವಿಗೂ ಸೇರಿಸಿ ತಿನ್ನುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಬಿಲದ ಬಾಯಲ್ಲಿ ಅದರ ಹೊಟ್ಟೆಯೇ ತೂರದಾಯಿತು.

ಎಲ್ಲಿ ತಪ್ಪಿತೆಂದು ತಿಳಿಯುವ ಕುತೂಹಲ ತಡೆಯದೆ ಅದು ಮತ್ತೆ ಹೆಬ್ಬಾವಿನ ಬಳಿ ಹೋಯಿತು.

"ಹಗಲೆಲ್ಲ ಏನು ಮಾಡುತ್ತಿದ್ದೆ?" ಎಂದು ಹೆಬ್ಬಾವು ಕೇಳಿತು.

"ಸಂಜೆಯ ಊಟವನ್ನು ನೆನೆಯುತ್ತಿದ್ದೆ."

"ಹಾಗಾದರೆ ಹಗಲೆಲ್ಲ ಉಂಡೆ, ಸಂಜೆ ಮತ್ತೆ ಉಂಡೆ. ಒಪ್ಪೊತ್ತು ಯಾವಾಗ ಮಾಡಿದೆ?"

"ನಿನಗೆ ಊಟದ ನೆನಪೇ ಬರುವುದಿಲ್ಲವೇ ಅಣ್ಣ?"

"ಬರುತ್ತದೆ. ತಿಂಗಳಿಗೊಮ್ಮೆ," ಎಂದು ಹೆಬ್ಬಾವು ಮೆಲ್ಲಗೆ ತಲೆಯೆತ್ತಿತು.

ಹೆಗ್ಗಣ ಆಗ ಅದರ ಹೊಟ್ಟೆಯನ್ನು ನೋಡಿತು. ಅದು ಬೆನ್ನಿಗೆ ಹತ್ತಿತ್ತು. ಕೇಳಬೇಕೆಂದಿದ್ದ ಇನ್ನೊಂದು ಪ್ರಶ್ನೆಯನ್ನು ಅಲ್ಲೇ ಬಿಟ್ಟು, ಹುಟ್ಟಿದ ಮೇಲೆ ಮೊದಲ ಬಾರಿಗೆ ಊಟವನ್ನು ಮರೆತು, ಹೆಗ್ಗಣ ಓಡಿತು.